ತೊಂಬತ್ತು ದಿನದ ಸೈನು

ಹೆಬ್ಬೆರಳು ಮೂರನೇ ಸಲವೂ ಹತ್ತಲಿಲ್ಲ. ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಮಿಷನ್ ಮೇಲೆ ಒತ್ತಿದರು. ಒದ್ದೆ ಬಟ್ಟೆ ಕೊಟ್ಟು ನೋಡಿದೆ. ಉಹ್ಞೂಂ. ಇಪ್ಪತ್ತು ವರ್ಷ ಸಿಮೆಂಟಿನ ಮಾಲು ಕಲಸಿದ ಕೈ ಅದು. ಗೆರೆ ಇರಬೇಕಾದ ಕಡೆ ಬರೀ ಬಿರುಕು.

“ಕೆಲಸ ಮಾಡಿ ಮಾಡಿ ಬೆರಳು ಹೋತು. ಈಗ ಬೆರಳಿಲ್ಲ ಅಂತ ಕೆಲಸಾನೇ ಮಾಡಿಲ್ಲ ಅಂದಂಗಾತಲ್ಲಪ್ಪ,” ಅಂದು ಅವರೇ ನಕ್ಕರು.

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಒಂದು ಮಿಷನ್ನು, ಒಂದು ಕಂಪ್ಯೂಟರ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಸೈಜ್ ಫೋಟೋ, ಮೇಲೆ ಸರ್ಕಾರದ ಅರ್ಜಿಗಳು. ದಿನವೂ ಜನರ ಬದುಕು ಕಾಗದವಾಗಿ ನನ್ನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗುತ್ತದೆ. ಸುಮ್ನೆ ನೋಡುತ್ತಾ ಕೂತಿದ್ದವನು ಒಂದು ಸಂಘದ ಕೆಲಸಕ್ಕೆ ಸಿಕ್ಕಿಬಿದ್ದಿದ್ದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಹೋರಾಟಗಾರ ಅನ್ನೋ ಪದ ನನಗೆ ಒಪ್ಪೋದಿಲ್ಲ. ಘೋಷಣೆ ಕೂಗಲು ಹೋದರೆ ಗಂಟಲು ಕಟ್ಟುತ್ತದೆ. ನಾನು ಮಾಡಿದ್ದೆಲ್ಲ ಬರೆಯೋ ಕೆಲಸ.

ಅಕ್ಕ ಬಂದಿದ್ದು ಕಟ್ಟಡ ಕಾರ್ಮಿಕರ ಕಾರ್ಡಿಗೆ. ಮಗನ ನಂಬರಿಗೆ ಓಟಿಪಿ ತರಿಸಿಕೊಂಡು ಬೆರಳಿನ ತಾಪತ್ರಯ ಹೇಗೋ ದಾಟಿದೆವು. ಅದಕ್ಕಿಂತ ದೊಡ್ಡ ಗೋಡೆ ಮುಂದಿತ್ತು. ಕಾರ್ಡ್ ಬೇಕು ಅಂದರೆ ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಮಾಡಿದ್ದಾಳೆ ಅಂತ ಯಾರಾದರೂ ಸೈನು ಹಾಕಬೇಕು. ಕೆಲಸ ಕೊಟ್ಟವನು ಹಾಕಬಹುದು, ನೋಂದಣಿಯಾದ ಸಂಘ ಹಾಕಬಹುದು, ಇಲಾಖೆಯವರೇ ವಿಚಾರಿಸಿ ಹಾಕಬಹುದು.

90 ಎಲ್ಲಿಯ ಮಾತು, ಅಕ್ಕ 250 ದಿನಕ್ಕೆ ಕಮ್ಮಿ ಇಲ್ಲದಂತೆ ದುಡಿದಿದ್ದರು. ಸೈನು ಹಾಕುವವರು ಒಬ್ಬರೂ ಇರಲಿಲ್ಲ.

“ಮೇಸ್ತ್ರಿ ಏನಂತಾನೆ?”

“ನಾನ್ಯಾಕವ್ವ ಸೈನ್ ಹಾಕ್ಲಿ, ನಾಳೆ ನೀನು ಕೆಳಗೆ ಬಿದ್ರೆ ನನ್ ತಲಿಗೆ ಬರ್ತತಿ ಅಂತಾನೆ.”

ಮೇಸ್ತ್ರಿಯ ಲೆಕ್ಕಾಚಾರ ಅವನ ಮಟ್ಟಿಗೆ ಸರಿಯೇ. ಅವನಿಗೂ ಮೇಲಿನ ಕಂಟ್ರಾಕ್ಟರ್ ಏನೂ ಬರೆದು ಕೊಟ್ಟಿರುವುದಿಲ್ಲ. ಎಲ್ಲವೂ ಬಾಯಿಮಾತು. ಮನೆ ಮುಗಿಯುತ್ತದೆ, ಗೃಹಪ್ರವೇಶಕ್ಕೆ ಶಾಮಿಯಾನ ಬೀಳುತ್ತದೆ, ಗೋಡೆಗೆ ಕಲ್ಲಿನಲ್ಲಿ ಮನೆಯ ಹೆಸರು ಬರುತ್ತದೆ. ಬಾಂಡ್ಲಿ ಹೊತ್ತವಳು ಅಲ್ಲಿದ್ದಳು ಅನ್ನೋಕೆ ಒಂದು ಚೀಟಿಯೂ ಉಳಿಯೋದಿಲ್ಲ.

ಆ ರಾತ್ರಿ ನಾನು ಅಪ್ಪನ ಟ್ರಂಕು ತೆಗೆದೆ.

ಅಪ್ಪ ಮಿಲ್ಲಿನಲ್ಲಿದ್ದವರು. ಈಗಿನ ಹುಡುಗರಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ, ಕಾಲೇಜು. ಒಂದು ಕಾಲಕ್ಕೆ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಮಿಲ್ಲುಗಳ ಕೂಗಿಗೆ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಆ ಮಿಲ್ಲುಗಳ ಕಾರ್ಮಿಕರೇ ಇಲ್ಲಿ ಕೆಂಪು ಬಾವುಟದ ರಾಜಕೀಯ ಕಟ್ಟಿದರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು 1978, 1983, 1985 ಹೀಗೆ ಮೂರು ಸಲ ಇಲ್ಲಿಂದ ಶಾಸಕರಾದರು. ಈಗ ಇದನ್ನು ಹೇಳಿದರೆ ನನ್ನ ಅಂಗಡಿಗೆ ಬರುವ ಪಿಯುಸಿ ಹುಡುಗರು ನಂಬುವುದಿಲ್ಲ. “ದಾವಣಗೆರೇಲಾ ಅಂಕಲ್?” ಅನ್ನುತ್ತಾರೆ. ಆಮೇಲೆ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದವು. ಕೂಗು ನಿಂತಿತು.

ಟ್ರಂಕಿನಲ್ಲಿ ಒಂದು ಟೋಕನ್, ಮಿಲ್ಲಿನ ಹಾಜರಿ ಚೀಟಿಗಳು, ಸಂಬಳದ ಚೀಟಿಗಳು, ದಾರದಲ್ಲಿ ಪೋಣಿಸಿದ ಸಂಘದ ಚಂದಾ ರಸೀದಿಗಳು ಇದ್ದವು. ಅರ್ಧಕ್ಕೆ ಅರ್ಧ ಇಲಿ ತಿಂದಿದ್ದವು. ಆದರೂ ಒಂದೊಂದರ ಮೇಲೂ ಅಪ್ಪನ ಹೆಸರು, ನಂಬರು, ತಾರೀಕು. ಮಿಲ್ಲು ಮುಚ್ಚಿದಾಗ ಬರಬೇಕಾದ ಹಣಕ್ಕೆ ವರ್ಷಗಟ್ಟಲೆ ಅಲೆದದ್ದು ಈ ಚೀಟಿಗಳನ್ನು ಹಿಡಿದುಕೊಂಡೇ. ಪೂರ್ತಿ ಸಿಗಲಿಲ್ಲ, ಅದು ಬೇರೆ ಮಾತು. ಆದರೆ ಯಾವ ಕಚೇರಿಯ ಯಾವ ಟೇಬಲ್ಲಿನಲ್ಲೂ “ನೀನ್ಯಾರಪ್ಪ? ಮಿಲ್ಲಲ್ಲಿದ್ದೆ ಅನ್ನೋಕೆ ಏನಿದೆ?” ಅಂತ ಅವರನ್ನು ಯಾರೂ ಕೇಳಲಿಲ್ಲ.

ಚಿಕ್ಕವನಿದ್ದಾಗ ಆ ರಸೀದಿಗಳು ನನಗೆ ತಮಾಷೆ. ಮನೆಯಲ್ಲಿ ಸಕ್ಕರೆಗೆ ದುಡ್ಡಿಲ್ಲ, ಇವರು ಚಂದಾ ಕಟ್ಟುತ್ತಾರೆ ಅಂತ ಅವ್ವ ಬೈಯುತ್ತಿದ್ದಳು. ಅಪ್ಪ ಎದುರು ಮಾತಾಡುತ್ತಿರಲಿಲ್ಲ. ರಸೀದಿಯನ್ನು ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದರು.

ಅಕ್ಕನಿಗೆ ಮರುದಿನ ಹೇಳಿದೆ. “ಅಕ್ಕಾರೆ, ಮೇಸ್ತ್ರಿ ಹಾಜರಿ ಬರೆಯಲ್ಲ ಅಂದ್ರೆ ನಾವೇ ಬರೆಯಾಣ.” ಇನ್ನೂರು ಪುಟದ ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟೆ. ಮೇಲೆ ರಟ್ಟಿನ ಅಟ್ಟೆ, ಸ್ಕೇಲಿನಲ್ಲಿ ಎಳೆದ ಆರು ಕಾಲಮ್ಮು. ತಾರೀಕು, ಹೆಸರು, ಯಾವ ಕೆಲಸ, ಯಾರ ಸೈಟು, ಮೇಸ್ತ್ರಿ ಯಾರು, ಕೂಲಿ ಎಷ್ಟು.

ನಮ್ಮ ಕಡೆಯ ಸರ್ಕಲ್ಲಿನಲ್ಲಿ ಬೆಳಿಗ್ಗೆ ಏಳಕ್ಕೆ ಕೂಲಿ ಅಡ್ಡ ಸೇರುತ್ತದೆ. ಗಾರೆಯವರು ಒಂದು ಕಡೆ, ಕೈಯಲ್ಲಿ ಕರಣೆ, ಮಟ್ಟಗೋಲು. ಸೆಂಟ್ರಿಂಗಿನವರು ಇನ್ನೊಂದು ಕಡೆ. ಹೆಣ್ಣಾಳುಗಳು ಟೀ ಅಂಗಡಿಯ ಪಕ್ಕ, ಬುತ್ತಿ ಚೀಲ ಕಾಲ ಹತ್ತಿರ ಇಟ್ಟುಕೊಂಡು. ಬೈಕಿನಲ್ಲಿ ಬಂದವನು ಇಳಿಯುವುದೂ ಇಲ್ಲ. ಬೆರಳಲ್ಲಿ ಎಣಿಸಿ ನಾಲ್ಕು ಗಂಡಾಳು, ಎರಡು ಹೆಣ್ಣಾಳು ಅನ್ನುತ್ತಾನೆ. ನಾನು ಹೋದ ದಿನ ಗಾರೆಯವರಿಗೆ 900, ಹೆಣ್ಣಾಳಿಗೆ 500 ನಡೆಯುತ್ತಿತ್ತು. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯ್ದೆ ಬಂದಿದ್ದು 1976ರಲ್ಲಿ. ಮಾಲು ಕಲಸುವ ಗಂಡಸಿಗೆ ಇವತ್ತಿಗೂ ಹೆಂಗಸಿಗಿಂತ ನೂರಿನ್ನೂರು ಜಾಸ್ತಿ. ಯಾಕೆ ಅಂದರೆ ಯಾರೂ ಉತ್ತರ ಕೊಡುವುದಿಲ್ಲ, ಪ್ರಶ್ನೆಯೇ ತಿಳಿಯದವರ ಹಾಗೆ ನೋಡುತ್ತಾರೆ.

ಮೊದಲ ವಾರ ಪುಸ್ತಕದಲ್ಲಿ ಹೆಸರು ಬರೆಸಿದ್ದು ಐದೇ ಜನ. ಹೆದರಿಕೆ. ಮೇಸ್ತ್ರಿಗೆ ಗೊತ್ತಾದರೆ ನಾಳೆಯಿಂದ ಕರೆಯೋದಿಲ್ಲ ಅಂತ. ಅಕ್ಕ ಒಂದು ಉಪಾಯ ಮಾಡಿದರು. ಬೆಳಿಗ್ಗೆ ಬರೆಯುವುದು ಬೇಡ, ಸಂಜೆ ವಾಪಸ್ ಬಂದ ಮೇಲೆ ದುಗ್ಗಮ್ಮನ ಗುಡಿಯ ಕಟ್ಟೆಯಲ್ಲಿ ಬರೆಯುವುದು. ಮಂಡಕ್ಕಿ ಕಟ್ಟಿಸಿಕೊಂಡು ಬಂದು ತಿನ್ನುತ್ತಾ ಕೂತರೆ ಯಾರಿಗೂ ಅನುಮಾನ ಬರಲ್ಲ, ಅಲ್ವಾ? ಪುಸ್ತಕದ ಆ ತಿಂಗಳ ಪುಟಗಳಲ್ಲಿ ಈಗಲೂ ಎಣ್ಣೆ ಕಲೆ ಇದೆ. ಒಗ್ಗರಣೆ ಮಂಡಕ್ಕಿಯ ಅರಿಶಿನ.

ಬರೆಯುತ್ತಾ ಕೂತರೆ ಮಾತು ತಾನಾಗಿ ಬರುತ್ತದೆ. ಯಾರಿಗೆ ಎಷ್ಟು ಕೊಟ್ಟ, ಯಾರಿಗೆ ಎರಡು ವಾರದ ಬಟವಾಡೆ ಬಾಕಿ, ಯಾರ ಸೈಟಿನಲ್ಲಿ ಕುಡಿಯೋಕೆ ನೀರಿಲ್ಲ. ಒಬ್ಬರದು ಇನ್ನೊಬ್ಬರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಒಂದೇ ಮೇಸ್ತ್ರಿ ಒಬ್ಬಳಿಗೆ 500, ಪಕ್ಕದವಳಿಗೆ 450 ಕೊಡುತ್ತಿದ್ದದ್ದು ಕೂಲಿಯ ಕಾಲಮ್ಮಿನಲ್ಲಿ ಮೇಲೆ ಕೆಳಗೆ ಬಂದು ಕೂತಾಗ ಗಲಾಟೆ ಶುರುವಾಯಿತು. ನಾನು ಒಂದು ಭಾಷಣವನ್ನೂ ಮಾಡಿರಲಿಲ್ಲ. ಗೆರೆ ಎಳೆದಿದ್ದೆ ಅಷ್ಟೇ.

ಇಲ್ಲಿ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. 2020ರ ಲಾಕ್‌ಡೌನಿನಲ್ಲಿ ಕಾರ್ಡ್ ಇದ್ದ ಕಟ್ಟಡ ಕಾರ್ಮಿಕರಿಗೆ ರಾಜ್ಯ ಸರ್ಕಾರ ಮೊದಲು 2000, ಆಮೇಲೆ 3000, ಒಟ್ಟು 5000 ರೂಪಾಯಿ ಹಾಕಿತು. ಕಾರ್ಡಿನ ಬೆಲೆ ಊರಿಗೆಲ್ಲ ಗೊತ್ತಾದದ್ದು ಆಗ. ಮಕ್ಕಳ ಓದಿಗೆ ಸಹಾಯಧನ ಬರುತ್ತೆ, ಹೆರಿಗೆಗೆ ಬರುತ್ತೆ, 60 ದಾಟಿದರೆ ಪಿಂಚಣಿ ಬರುತ್ತೆ ಅಂತ ಸುದ್ದಿ ಹಬ್ಬಿತು. ಜೀವಮಾನದಲ್ಲಿ ಇಟ್ಟಿಗೆ ಮುಟ್ಟದವರೆಲ್ಲ ನನ್ನ ಅಂಗಡಿಗೆ ಬಂದರು. ನನ್ನ ಓಣಿಯ ಕಿರಾಣಿ ಅಂಗಡಿಯವನ ಅರ್ಜಿಯನ್ನು ನಾನೇ ತುಂಬಿದೆ. ಪರಿಚಯ, ಇಲ್ಲ ಅನ್ನೋಕಾಗಲಿಲ್ಲ. ಕೆಲಸದ ಜಾಗದಲ್ಲಿ “ಗಾರೆ ಸಹಾಯಕ” ಅಂತ ಟೈಪ್ ಮಾಡಿದ ಬೆರಳು ನಂದೇ. ಅವನಿಗೆ ಸೈನು ಎಲ್ಲಿಂದಲೋ ಸಿಕ್ಕಿತು, ಕಾರ್ಡೂ ಬಂತು. ಅಕ್ಕನಿಗೆ ಇನ್ನೂ ಬಂದಿರಲಿಲ್ಲ. ಆಮೇಲೆ ಸರ್ಕಾರ ನಕಲಿ ಕಾರ್ಡುಗಳನ್ನು ರದ್ದು ಮಾಡಲು ಹೊರಟಾಗ ನಿಜವಾದವರ ಅರ್ಜಿಗಳನ್ನೂ ಅನುಮಾನದಿಂದ ನೋಡೋಕೆ ಶುರುಮಾಡಿದರು. ನನ್ನಂಥವರು ಮಾಡಿದ ಪಾಪ ಅಕ್ಕನಂಥವರ ತಲೆಗೆ ಬಂತು. ಇದನ್ನು ಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿಕೊಂಡಾಗ ಅಕ್ಕ ಬೈಯಲಿಲ್ಲ. “ಕಾಲಮ್ ಎಳಿ, ಕತ್ಲಾಗ್ತತಿ” ಅಂದರು ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಈ ಹಣ ಸರ್ಕಾರದ ದಾನ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ 1 ರೂಪಾಯಿ ಸೆಸ್ ಇದೆ. 1996ರ ಕಾಯ್ದೆಯಿಂದ ಬಂದದ್ದು ಅದು. ಸ್ವಂತಕ್ಕೆ ಕಟ್ಟುವ 10 ಲಕ್ಷದೊಳಗಿನ ಮನೆಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಉಳಿದವರಿಂದ ಪಾಲಿಕೆಯವರು ಪ್ಲಾನ್ ಮಂಜೂರು ಮಾಡುವಾಗಲೇ ವಸೂಲಿ ಮಾಡಿ ಕಾರ್ಮಿಕರ ಮಂಡಳಿಗೆ ಕಳಿಸುತ್ತಾರೆ. ಅಂದರೆ 1 ಕೋಟಿಯ ಬಿಲ್ಡಿಂಗ್ ಏಳುತ್ತಿದೆ ಅಂದರೆ ಅದರಲ್ಲಿ 1 ಲಕ್ಷ ಅಲ್ಲಿ ಬಾಂಡ್ಲಿ ಹೊರುವವರ ಪಾಲು. ಇದನ್ನು ಕಟ್ಟೆಯಲ್ಲಿ ಲೆಕ್ಕ ಹಾಕಿ ತೋರಿಸಿದ ಸಂಜೆ ಒಬ್ಬ ಸೆಂಟ್ರಿಂಗ್ ಹುಡುಗ ಎದುರಿಗೆ ಏಳುತ್ತಿದ್ದ ಮೂರಂತಸ್ತಿನ ಬಿಲ್ಡಿಂಗನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದ.

ಬಾಡಿಗೆಯ ವಿಷಯ ಈ ಪುಸ್ತಕಕ್ಕೆ ಹೇಗೆ ಬಂತು ಅಂದರೆ, ಬೇಡ ಅಂದರೂ ಬಂತು. ಅಕ್ಕ ಇರುವುದು ಒಂದು ವಠಾರದಲ್ಲಿ. ಐದು ಮನೆ, ಒಂದು ಕಕ್ಕಸು, ಒಂದು ಕರೆಂಟ್ ಮೀಟರ್. 2023ರಲ್ಲಿ ಗೃಹಜ್ಯೋತಿ ಬಂದಾಗ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ, ಬಾಡಿಗೆದಾರರಿಗೂ ಉಂಟು ಅಂತ ಸರ್ಕಾರ ಹೇಳಿತು. ಆದರೆ ಆ ಲೆಕ್ಕ ಮೀಟರಿಗೆ, ಮನೆಗಲ್ಲ. ಒಂದೇ ಮೀಟರಿನಲ್ಲಿ ಐದು ಮನೆಯ ಫ್ಯಾನು ತಿರುಗಿದರೆ 200 ಎಲ್ಲಿ ಸಾಕು? ಮೇಲಾಗಿ ಮಾಲೀಕ ಪ್ರತಿ ಮನೆಯಿಂದ ತಿಂಗಳಿಗೆ 300 ಕರೆಂಟ್ ದುಡ್ಡು ಅಂತ ತಗೊಳ್ಳುತ್ತಿದ್ದ. ಬಿಲ್ಲನ್ನು ಯಾರಿಗೂ ತೋರಿಸಿರಲಿಲ್ಲ.

ಬಾಡಿಗೆ ಕಾಯ್ದೆ ಅಂತ ಒಂದಿದೆ, 1999ರದ್ದು. ತಿಂಗಳಿಗೆ 3500 ಮೀರಿದ ಬಾಡಿಗೆ ಮನೆ ರಾಜ್ಯದಲ್ಲಿ ಎಲ್ಲಿದ್ದರೂ ಅದರ ಆಸರೆಗೆ ಬರೋದಿಲ್ಲ. ಆ 3500ರಲ್ಲಿ ಇವತ್ತು ಎಂಥಾ ಮನೆ ಸಿಗುತ್ತದೆ ಹೇಳಿ? ಕರಾರು ಪತ್ರ ಇಲ್ಲದೆ ತಿಂಗಳ ಬಾಡಿಗೆಗೆ ಇರುವವರನ್ನು 15 ದಿನದ ನೋಟಿಸು ಕೊಟ್ಟು ಬಿಡಿಸಬಹುದು. ಅಕ್ಕನ ವಠಾರದಲ್ಲಿ ಐವರಿಗೂ ಕರಾರು ಪತ್ರ ಇರಲಿಲ್ಲ. ಒಂಬತ್ತು ವರ್ಷ ಬಾಡಿಗೆ ಕೊಟ್ಟಿದ್ದಕ್ಕೆ ಒಂದು ರಸೀದಿ ಇರಲಿಲ್ಲ. ಕೆಲಸ ಮಾಡಿದ್ದಕ್ಕೆ ಚೀಟಿ ಇಲ್ಲ, ವಾಸ ಮಾಡಿದ್ದಕ್ಕೂ ಇಲ್ಲ.

ಹೆಂಗಸರು ಪುಸ್ತಕದ ಹಿಂದಿನ ಪುಟಗಳಿಂದ ಬಾಡಿಗೆ ಲೆಕ್ಕ ಶುರುಮಾಡಿದರು. ಪ್ರತಿ ತಿಂಗಳು ಕೊಟ್ಟ ದಿನ, ಕೊಟ್ಟ ದುಡ್ಡು, ಎದುರಿಗೆ ಇದ್ದವರ ಹೆಸರು. ನಾಲ್ಕನೇ ತಿಂಗಳು ಐವರೂ ಒಟ್ಟಿಗೆ ಹೋಗಿ ಬಾಡಿಗೆ ಕೊಟ್ಟು, “ಕರೆಂಟ್ ಬಿಲ್ ತೋರ್ಸಿ ಅಣ್ಣಾರೆ, ಐದು ಭಾಗ ಮಾಡಿ ಕೊಡ್ತೀವಿ” ಅಂದರು. ಜಗಳ ಇಲ್ಲ, ಕೂಗಾಟ ಇಲ್ಲ. ಒಬ್ಬಳೇ ಹೋಗಿದ್ದರೆ ಮನೆ ಖಾಲಿ ಮಾಡು ಅನ್ನುತ್ತಿದ್ದ. ಐದು ಮನೆ ಒಟ್ಟಿಗೆ ಖಾಲಿಯಾದರೆ ಅವನಿಗೂ ಕಷ್ಟ. ಬಿಲ್ಲು ತೋರಿಸಿದ. 300 ಇದ್ದದ್ದು 140ಕ್ಕೆ ಬಂತು. ಬೇರೆ ಬೇರೆ ಮೀಟರ್ ಹಾಕಿಸುವ ಮಾತು ಇವತ್ತಿಗೂ ಆಗಿಲ್ಲ. ಕರಾರು ಪತ್ರವೂ ಆಗಿಲ್ಲ. ಕಕ್ಕಸು ಒಂದೇ.

ಹೊರಗಿನ ಹುಡುಗರ ವಿಷಯದಲ್ಲಿ ಮಾತ್ರ ಕಟ್ಟೆ ಎರಡು ಹೋಳಾಯಿತು. ಬಿಹಾರದಿಂದ ಬಂದ ಎಂಟು ಹುಡುಗರು ಒಂದು ದೊಡ್ಡ ಸೈಟಿನಲ್ಲಿ ಟೈಲ್ಸ್ ಕೆಲಸಕ್ಕಿದ್ದರು. ಅಲ್ಲೇ ತಗಡಿನ ಶೆಡ್ಡು, ಅಲ್ಲೇ ಅಡುಗೆ. ಅವರ ಹೆಸರನ್ನೂ ಬರೆಯೋಣ ಅಂತ ನಾನು ಅಂದಾಗ ಒಬ್ಬ ಗಾರೆಯವನು ಎದ್ದೇ ನಿಂತ. “ಅವ್ರು 700ಕ್ಕೆ ಬರ್ತಾರ್ರೀ. ಅವ್ರು ಬಂದ ಮ್ಯಾಲೆ ನನ್ನನ್ನ ಯಾರೂ ಕರೀತಿಲ್ಲ. ಅವ್ರ ಹೆಸ್ರು ಬರೀತೀರಿ ಅಂದ್ರೆ ನನ್ ಹೆಸ್ರು ಹೊಡೆದಾಕ್ರಿ.”

ಅವನ ಸಿಟ್ಟು ಸುಳ್ಳಲ್ಲ. ವಾರಕ್ಕೆ ಮೂರು ದಿನ ಅವನು ಅಡ್ಡದಿಂದ ಬರಿಗೈಲಿ ಮನೆಗೆ ಹೋಗುತ್ತಿದ್ದ. ನಾನು ಏನೋ ದೊಡ್ಡ ಮಾತು ಹೇಳಲು ಬಾಯಿ ತೆಗೆದೆ. ಜಗಳೂರು ಕಡೆಯ ತಾಂಡಾದ ಒಬ್ಬ ಹೆಂಗಸು ನನಗಿಂತ ಮೊದಲು ಮಾತಾಡಿದಳು. ಅವಳು ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಗುಳೆ ಹೋಗಿ ಮಲೆನಾಡಿನ ಕಾಫಿ ತೋಟಗಳಲ್ಲಿ ಹಣ್ಣು ಬಿಡಿಸಿದವಳು. “ನಮ್ಗೂ ಅಲ್ಲಿಯೋರು ಹಿಂಗೇ ಅಂತಿದ್ರು. ಬಯಲುಸೀಮೆಯೋರು ಕಮ್ಮಿಗೆ ಬರ್ತಾರೆ ಅಂತ. ನಾವೇನು ಕಮ್ಮಿ ಕೇಳಿದ್ವಾ? ಕೊಟ್ಟಿದ್ದು ಕಮ್ಮಿ.” ಅಕ್ಕ ಅದಕ್ಕೆ ಇನ್ನೊಂದು ಸೇರಿಸಿದರು. “ಅವ್ರಿಗೂ 900 ಕೊಡ್ಸು. ಆಗ ಅವ್ರನ್ನೇ ಯಾಕೆ ಕರೀತಾನೆ ನೋಡಾಣ.”

ಗಾರೆಯವನು ಒಪ್ಪಲಿಲ್ಲ. ಹೆಸರನ್ನೂ ಹೊಡೆಸಲಿಲ್ಲ. ಒಂದು ವಾರ ಕಟ್ಟೆಗೆ ಬರಲಿಲ್ಲ, ಆಮೇಲೆ ಬಂದು ದೂರ ಕೂತ.

ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಅಂತಲೇ 1979ರಲ್ಲಿ ಒಂದು ಕಾಯ್ದೆ ಬಂದಿತ್ತು. ಕರೆತಂದ ಕಂಟ್ರಾಕ್ಟರ್ ಪ್ರತಿಯೊಬ್ಬನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಎಲ್ಲಿ ಕೆಲಸ, ಎಷ್ಟು ದಿನ, ಕೂಲಿ ಎಷ್ಟು ಅಂತ ಬರೆದಿರಬೇಕು. ಓದಿದಾಗ ಬೆರಗಾದೆ, ನಮ್ಮ ಆರು ಕಾಲಮ್ಮಿನ ಪುಸ್ತಕವನ್ನು ನಾನು ಹುಟ್ಟುವ ಹೊತ್ತಿಗೇ ಯಾರೋ ಕಾನೂನಿನಲ್ಲಿ ಬರೆದಿಟ್ಟಿದ್ದರು! ಇಷ್ಟು ವರ್ಷದಲ್ಲಿ ಜೆರಾಕ್ಸಿಗೆ ಅಂಥ ಒಂದು ಪಾಸ್‌ಬುಕ್ ನನ್ನ ಗಾಜಿನ ಮೇಲೆ ಬಂದಿಲ್ಲ. ಈಗ 29 ಹಳೆಯ ಕಾಯ್ದೆಗಳನ್ನು ಮಡಚಿ ಮಾಡಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಾಗಿವೆ. ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಅದರಲ್ಲಿದೆ. ಇದನ್ನು ಅಡ್ಡದಲ್ಲಿ ಓದಿ ಹೇಳಿದಾಗ ಬೈಕಿನ ಮೇಲಿದ್ದ ಮೇಸ್ತ್ರಿಯೂ ಸೇರಿ ಎಲ್ಲರೂ ನಕ್ಕರು.

ಬಿಹಾರದ ಹುಡುಗರು ಹಿಂದಿಯಲ್ಲೇ ಬರೆದರು. ನನಗೆ ಹಿಂದಿ ಓದಲು ತಡವರಿಕೆ, ಅವರಿಗೆ ಕನ್ನಡ ಬರೋದಿಲ್ಲ. ಅಂಕಿ ಮಾತ್ರ ಇಬ್ಬರಿಗೂ ಒಂದೇ. ಅವರಲ್ಲಿ ಒಬ್ಬನಿಗೆ ಹತ್ತೊಂಬತ್ತು ವರ್ಷ ಇರಬಹುದು. ಮಂಡಕ್ಕಿ ತಿನ್ನುತ್ತಾ “ಖಾರ ಐತಿ” ಅನ್ನೋದನ್ನು ಮೊದಲು ಕಲಿತ, “ಬಟವಾಡೆ” ಅನ್ನೋದನ್ನು ಎರಡನೆಯದಾಗಿ. ಮೂರನೆಯದು “ಬಾಕಿ”.

ಹೋದ ದಸರಾದ ಆಸುಪಾಸಿನಲ್ಲಿ ಆ ದೊಡ್ಡ ಸೈಟು ನಿಂತುಹೋಯಿತು. ಮೇಲಿನ ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಹುಡುಗರು ಎರಡು ವಾರ ಕಾದು, ಛಠ್ ಹಬ್ಬಕ್ಕೆ ಊರಿಗೆ ಹೋಗಲೇಬೇಕು ಅಂತ ರೈಲು ಹತ್ತಿದರು. ಹೋಗುವ ಮುಂಚೆ ಆ ಹುಡುಗ ಅಂಗಡಿಗೆ ಬಂದು ತನ್ನ ಸಾಲುಗಳಿದ್ದ ಪುಟಗಳ ಜೆರಾಕ್ಸ್ ಮಾಡಿಸಿಕೊಂಡ. ಎಣಿಸಿದೆವು, 74 ದಿನ. ದುಡ್ಡು ಬೇಡ ಅಂದೆ. ಟೇಬಲ್ ಮೇಲೆ ಹತ್ತು ರೂಪಾಯಿ ಇಟ್ಟೇ ಹೋದ.

ಅದಾಗಿ ಹತ್ತು ದಿನಕ್ಕೆ ಮೇಸ್ತ್ರಿ ಬಂದ. ಅಕ್ಕನಿಗೆ ಸೈನು ಹಾಕಲ್ಲ ಅಂದಿದ್ದವನೇ. ಬೈಕು ನಿಲ್ಲಿಸಿ, ಇಳಿದು, ಚಪ್ಪಲಿ ಬಿಡೋದೋ ಬೇಡವೋ ಅನ್ನೋ ಹಾಗೆ ಬಾಗಿಲಲ್ಲಿ ನಿಂತ. ಕಂಟ್ರಾಕ್ಟರ್ ಅವನಿಗೂ ಎರಡೂವರೆ ತಿಂಗಳ ದುಡ್ಡು ಕೊಟ್ಟಿಲ್ಲ. ಕಾರ್ಮಿಕ ಇಲಾಖೆಗೆ ಹೋಗಿದ್ದಾನೆ. ಎಷ್ಟು ಆಳು, ಎಷ್ಟು ದಿನ, ಏನು ಪುರಾವೆ ಅಂತ ಕೇಳಿದ್ದಾರೆ. ಅವನ ಹತ್ತಿರ ಏನೂ ಇಲ್ಲ.

“ನಿಮ್ಮತ್ರ ಒಂದು ಪುಸ್ತಕ ಐತಂತಲ್ಲ ಅಣ್ಣಾರೆ. ಒಂದು ಜೆರಾಕ್ಸ್ ಹೊಡೆದು ಕೊಡ್ರಿ.”

“ಪುಸ್ತಕ ನಂದಲ್ಲಪ್ಪ. ಕಟ್ಟೆಗೆ ಬಾ, ಅವ್ರನ್ನ ಕೇಳು.”

ಸಂಜೆ ಬಂದ. ನಿಂತೇ ಇದ್ದ, ಯಾರೂ ಕೂತ್ಕೋ ಅನ್ನಲಿಲ್ಲ. ದೂರ ಕೂತಿದ್ದ ಗಾರೆಯವನು ಕೊಡಬಾರದು ಅಂದ. ತಾಂಡಾದ ಹೆಂಗಸು ಕೊಡೋಣ ಅಂದಳು, ಕಂಟ್ರಾಕ್ಟರಿನಿಂದ ದುಡ್ಡು ಬಂದರೆ ನಮ್ಮ ಬಾಕಿಯೂ ಅದರಲ್ಲೇ ಇದೆಯಲ್ಲ ಅಂತ. ಅರ್ಧ ಗಂಟೆ ಮಾತು ನಡೆಯಿತು. ಅಕ್ಕ ಕೊನೆಗೆ ತಮ್ಮ ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ನಾನೇ ಪ್ರಿಂಟ್ ಹಾಕಿ ಕೊಟ್ಟಿದ್ದ 90 ದಿನದ ಫಾರಂ, ಮಡಿಕೆಯಲ್ಲಿ ಹರಿಯುವ ಹಾಗಾಗಿತ್ತು. ಮೇಸ್ತ್ರಿ ಮುಂದೆ ಚಾಚಿದರು.

ಅವನು ಪೆನ್ನು ಕೇಳಿದ. ಅಕ್ಕನಿಗೆ ಹಾಕಿದ ಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಫಾರಂ ತಂದರು. ನನ್ನ ಹತ್ತಿರ ಖಾಲಿ ಫಾರಂ ಸಾಲದೆ ಅಂಗಡಿಗೆ ಓಡಿಹೋಗಿ ಇನ್ನಷ್ಟು ಪ್ರಿಂಟ್ ತೆಗೆದುಕೊಂಡು ಬಂದೆ. ಅವತ್ತು ಹನ್ನೊಂದು ಜನಕ್ಕೆ ಸೈನು ಬಿತ್ತು. ಬಿಹಾರದ ಎಂಟು ಹುಡುಗರದ್ದೂ ಹಾಕು ಅಂದೆ. ಅವರು ಊರಲ್ಲಿಲ್ಲ, 90 ಆಗಿಲ್ಲ, ಅದಕ್ಕೆ ಆಗಲ್ಲ ಅಂದ. ಪುಸ್ತಕ ತೆಗೆದು 74 ಸಾಲು ತೋರಿಸಿದೆ. ಅವನು ಬೆರಳಿಟ್ಟು ಹಿಂದಿ ಅಕ್ಷರಗಳನ್ನು ನೋಡಿದ, ಓದಲು ಬರಲಿಲ್ಲ.

“ಇದ್ರಾಗೆ ಏನ್ ಬರ್ದಾನೆ?” ಅಂದ.

“ನಿನ್ ಹೆಸ್ರು,” ಅಂದೆ.